ಮಾವನಿಗಾಗಿ ಸಿಕ್ಕಿಸಿದ ಹಾಳೆಗಳು

“ಅಮ್ಮಾ, ತಾತನ್ನ ಯಾರು ಆಫ್ ಮಾಡಿದ್ದು?”

ನಾಲ್ಕು ವರ್ಷದ ಮಗಳು ಈ ಪ್ರಶ್ನೆ ಕೇಳಿದ್ದು ಹಾಲಿನ ಲೋಟ ಹಿಡಿದುಕೊಂಡು, ತಾತನ ಬೆನ್ನ ಹಿಂದೆಯೇ ನಿಂತು. ಫ್ಯಾನಿಗೆ, ಟಿ.ವಿ.ಗೆ, ಅಮ್ಮನ ಹೊಲಿಗೆ ಮೆಷಿನ್ನಿಗೆ ಎಲ್ಲಕ್ಕೂ ಸ್ವಿಚ್ಚು ಇರುವ ಮನೆಯಲ್ಲಿ ತಾತನಿಗೆ ಮಾತ್ರ ಇಲ್ಲದಿರಲು ಕಾರಣವಿಲ್ಲ ಎಂಬುದು ಅವಳ ವಾದ. ಅಮ್ಮ ನಾಲಿಗೆ ಕಚ್ಚಿಕೊಂಡು ಅವಳನ್ನು ಅಡುಗೆಮನೆಗೆ ಎಳೆದೊಯ್ದಳು. ತಾತ ತಿರುಗಿಯೂ ನೋಡಲಿಲ್ಲ. ಅವರು ಕಿಟಕಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಕೊಟ್ಟು ಕೂರಲು ಶುರುಮಾಡಿ ಏಳು ತಿಂಗಳಾಗಿತ್ತು. ಆ ಗೋಡೆಯ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ. ಒಂದು ಮೊಳೆ ಇತ್ತು, ಅಷ್ಟೇ.

ತಾತ, ಅಂದರೆ ಅಮ್ಮನ ಮಾವ, ಪತ್ರಿಕೆಯೊಂದರ ಮುದ್ರಣಾಲಯದಲ್ಲಿ ಮೂವತ್ತಾರು ವರ್ಷ ಯಂತ್ರ ನಡೆಸಿದವರು. ಅಲ್ಲಿ ಕಾಗದ ಸಿಕ್ಕಿಕೊಂಡರೆ ಜನ ಮೊದಲು ಅವರನ್ನು ಕೂಗಿ, ಆಮೇಲೆ ಯಂತ್ರ ನಿಲ್ಲಿಸುತ್ತಿದ್ದರಂತೆ. ಅಂಥವರು ನಿವೃತ್ತಿಗೆ ಇನ್ನೂ ಒಂದು ವರ್ಷ ಇರುವಾಗಲೇ ಒಂದು ಸಂಜೆ ಮನೆಗೆ ಬಂದು, ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು, “ಸಾಕಾಯ್ತು” ಎಂದರು. ಸಾಕಾದದ್ದು ಊಟವಲ್ಲ, ಕೆಲಸ ಎಂದು ಮನೆಯವರಿಗೆ ತಿಳಿಯಲು ಎರಡು ದಿನ ಹಿಡಿಯಿತು. ಆಮೇಲೆ ಪೇಪರ್ ಓದುವುದು ನಿಂತಿತು. ಸಂಜೆಯ ತಿರುಗಾಟ ನಿಂತಿತು. ಮಾತು ‘ಹೂಂ’ ಮತ್ತು ‘ಬೇಡ’ ಎಂಬ ಎರಡು ಶಬ್ದಗಳ ಮಟ್ಟಕ್ಕೆ ಇಳಿಯಿತು. ಅತ್ತೆ ತೀರಿಕೊಂಡಾಗಲೂ ಮನುಷ್ಯ ಹೀಗಾಗಿರಲಿಲ್ಲ. ಬೀದಿ ಕೊನೆಯ ಡಾಕ್ಟರು ರಕ್ತದೊತ್ತಡ ನೋಡಿ, ದೇಹ ಗಟ್ಟಿಯಾಗಿದೆ, ಮನಸ್ಸಿಗೇನಾದರೂ ಕೆಲಸ ಕೊಡಿ ಎಂದು ಹೇಳಿ ಕಳಿಸಿದರು.

ಸೊಸೆಯ ಗಂಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಆಗಮನ ನಿರ್ಗಮನಗಳನ್ನು ಸಾರುವವನು. ಮನೆಯಲ್ಲೂ ಅದೇ ಧಾಟಿ. ತಂದೆಯ ಕುರ್ಚಿಯ ಪಕ್ಕ ನಿಂತು, ಮನಸ್ಸನ್ನು ಲವಲವಿಕೆಯಿಂದ ಇಟ್ಟುಕೊಳ್ಳಬೇಕೆಂದು ಮೂರು ಸಲ ಪ್ರಕಟಣೆ ಹೊರಡಿಸಿ ತನ್ನ ಪಾಲಿನ ಚಿಕಿತ್ಸೆ ಮುಗಿಸಿದ. ಜೊತೆಗೆ ಅಪ್ಪನ ಮನಸ್ಸು ಸರಿಯಿಲ್ಲವೆಂದು ಚಿಕ್ಕಪ್ಪನಿಗೆ, ಇಬ್ಬರು ಸೋದರತ್ತೆಯರಿಗೆ, ಎದುರುಮನೆಯವರಿಗೆ, ಹಾಲಿನವನಿಗೆ ತಿಳಿಸಿದ. (ಅವನಿಗೆ ಗುಟ್ಟು ಹೇಳುವುದೂ ಒಂದೇ, ಮೂರನೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಕೂಗುವುದೂ ಒಂದೇ.) ಎಲ್ಲರೂ ಫೋನ್ ಮಾಡಿ ಧೈರ್ಯ ಹೇಳಿದರು. ಒಂದೊಂದು ಫೋನ್ ಮುಗಿದಾಗಲೂ ಮಾವ ಕುರ್ಚಿಯನ್ನು ಗೋಡೆಗೆ ಗೇಣುದ್ದ ಹತ್ತಿರ ಎಳೆದುಕೊಂಡರು.

ಸೊಸೆ ಮನೆಯಲ್ಲೇ ಮಕ್ಕಳ ಬಟ್ಟೆ ಹೊಲಿಯುತ್ತಿದ್ದಳು. ಫ್ರಾಕಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದು, ಹದಿನಾಲ್ಕು ಹಾಳೆಗಳಲ್ಲಿ ಪ್ರಿಂಟ್ ತೆಗೆದು, ಅಂಚಿಗೆ ಅಂಚು ಅಂಟಿಸಿ, ಅದರ ಮೇಲೆ ಬಟ್ಟೆ ಕತ್ತರಿಸುವುದು ಅವಳ ಕ್ರಮ. ಪ್ರಿಂಟರು ಯಾವುದೋ ಆಫೀಸಿನಲ್ಲಿ ದುಡಿದು ಸವೆದು ಬಂದದ್ದು. ಒಂದು ದಿನ ಎಡತೋಳಿನ ಹಾಳೆಯನ್ನು ಅರ್ಧ ನುಂಗಿ ನಿಂತುಬಿಟ್ಟಿತು. ಅವಳು ಎಳೆದಳು. ಅದು ಬಿಡಲಿಲ್ಲ. ಅವಳು ಅದರ ವಂಶವನ್ನೆಲ್ಲ ಬೈದು, ಕಾಲು ಕೊಟ್ಟು ಇನ್ನೊಮ್ಮೆ ಎಳೆಯಲು ಸಿದ್ಧಳಾದಾಗ ಹಿಂದಿನಿಂದ ಒಂದು ಧ್ವನಿ ಕೇಳಿಸಿತು.

“ಎಳೀಬೇಡ. ಕಾಗದ ಯಾವ ಕಡೆ ಹೋಗ್ತಿತ್ತೋ ಆ ಕಡೆಯಿಂದಲೇ ತೆಗೀಬೇಕು.”

ಮಾವ ಎದ್ದು ಬಂದಿದ್ದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪ್ರಿಂಟರಿನ ಹೊಟ್ಟೆಗೆ ಮಣಿಗಂಟಿನವರೆಗೆ ಕೈ ಹಾಕಿದರು. ಅವಳು ಟಾರ್ಚ್ ತಂದರೆ ಬೇಡವೆಂದರು. ಕಣ್ಣು ಮುಚ್ಚಿಕೊಂಡರು. ಅರ್ಧ ನಿಮಿಷದಲ್ಲಿ ಹಾಳೆ ಇಡಿಯಾಗಿ ಹೊರಬಂತು. ಕಣ್ಣು ಮುಚ್ಚಿಯೇ ಕೆಲಸ ಮಾಡುವ ಈ ಸಿದ್ಧಪುರುಷನನ್ನು ಏಳು ತಿಂಗಳು ಗೋಡೆಗೆ ಒಪ್ಪಿಸಿಬಿಟ್ಟಿದ್ದೆವಲ್ಲ ಎಂದು ಸೊಸೆ ತನ್ನನ್ನೇ ಬೈದುಕೊಂಡಳು. ಆ ಮಧ್ಯಾಹ್ನ ಮಾವ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮೊಮ್ಮಗಳಿಗೆ ಆನೆ ಗಾತ್ರದ ಕಾಗದದ ಸುರುಳಿಯ ಕಥೆ ಹೇಳಿದರು.

ಮರುದಿನ ಪ್ರಿಂಟರು ಸರಿಯಾಗಿ ಕೆಲಸ ಮಾಡಿತು, ಮಾವ ಗೋಡೆಗೆ ಮರಳಿದರು.

ಮೂರನೆಯ ದಿನ ಹನ್ನೊಂದು ಗಂಟೆಗೆ ಸೊಸೆ ಒಂದು ಹಾಳೆಯ ಮೂಲೆಯನ್ನು ನಾಜೂಕಾಗಿ ಮಡಚಿ, ಸುತ್ತ ನೋಡಿ, ಟ್ರೇಗೆ ಇಳಿಸಿದಳು. ಪ್ರಿಂಟರು ಕೆಮ್ಮಿ ನಿಂತಿತು. “ಮಾವ, ಮತ್ತೆ ಸಿಕ್ಕಿಕೊಂಡಿತು” ಎಂದು ಅಳುವ ಧ್ವನಿಯಲ್ಲಿ ಕರೆದಳು. ಮಾವ ಎದ್ದು ಬಂದರು.

ಅಲ್ಲಿಂದ ಅದೊಂದು ನಿತ್ಯಕರ್ಮವಾಯಿತು. ಒಂದು ದಿನ ಎರಡು ಹಾಳೆ ಅಂಟಿಸಿ ಹಾಕಿದಳು. ಒಂದು ದಿನ ಬಟ್ಟೆ ಕತ್ತರಿಸಿ ಉಳಿದ ನಕ್ಷೆಯ ಚೂರನ್ನು ರೋಲರಿನ ಹಿಂದೆ ತುರುಕಿದಳು. ನಿಜವಾದ ನಕ್ಷೆಗಳನ್ನು ಬೆಳಿಗ್ಗೆ ಮಾವ ಸ್ನಾನಕ್ಕೆ ಹೋದಾಗ ಕಳ್ಳಿಯ ಹಾಗೆ ಪ್ರಿಂಟ್ ತೆಗೆದುಕೊಳ್ಳುತ್ತಿದ್ದಳು. ಮಗಳು ಇದು ತಾತನ ಆಟವೆಂದು ತಿಳಿದು, ಹನ್ನೊಂದು ಹೊಡೆಯುವ ಮೊದಲೇ ನೆಲಕ್ಕೆ ಚಾಪೆ ಹಾಸಿ ಕಾಯತೊಡಗಿದಳು.

ಪೇಚಿಗೆ ಬಿದ್ದದ್ದು ಗಂಡನ ಮುಂದೆ.

“ಎಂಟು ದಿನಕ್ಕೆ ಎಂಟು ಸಲ ಕೆಟ್ಟಿದೆ. ರಿಪೇರಿಗೆ ಕೊಡೋಣ.”

“ಬೇಡ.”

“ಹೋಗ್ಲಿ, ಬೇರೆ ತರೋಣ.”

“ಬೇಡ ಅಂದ್ನಲ್ಲ.”

“ದಿನಾ ಅದರ ಜೊತೆ ಗುದ್ದಾಡೋದೇ ಆಯ್ತು ನಿಂದು. ಅಂಥಾದ್ದೇನಿದೆ ಅದರಲ್ಲಿ?”

“ಆರು ವರ್ಷದಿಂದ ನಿಮ್ಮ ಜೊತೆನೂ ಗುದ್ದಾಡ್ತಿದೀನಿ. ನಿಮ್ಮನ್ನೇನು ರಿಪೇರಿಗೆ ಕೊಟ್ನಾ?”

ಗಂಡ ಆ ದಿನದ ಕೊನೆಯ ಪ್ರಕಟಣೆಯನ್ನು ರದ್ದುಮಾಡಿ ಮಲಗಿಕೊಂಡ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ದಿನವೂ ಅದೇ ಕಾಯಿಲೆಯ ರೋಗಿ ಬಂದರೆ ವೈದ್ಯನಿಗೆ ಬೇಸರವಾಗುವುದಿಲ್ಲವೇ, ಮಾವನ ಕೈಗೆ ಸ್ವಲ್ಪ ಘನವಾದ ಕೇಸು ಕೊಡಬೇಕು ಎಂದು ಸೊಸೆಗೆ ಅನ್ನಿಸಿತು. ಬಟ್ಟೆಗಳಿಗೆ ಅಳತೆ ಬರೆದು ಅಂಟಿಸುವ ಸ್ಟಿಕರ್ ಹಾಳೆಯೊಂದು ಮನೆಯಲ್ಲಿತ್ತು. ಅದರಲ್ಲಿ ನಾಲ್ಕೈದು ಸ್ಟಿಕರುಗಳನ್ನು ಅರ್ಧ ಎಬ್ಬಿಸಿ ಒಳಗೆ ಕಳಿಸಿದಳು. ಪ್ರಿಂಟರು ನರಳಿತು. ಒಳಗೆ ಬಿಸಿಯಾಗುವ ರೋಲರಿಗೆ ಸ್ಟಿಕರು ಮೆತ್ತಿಕೊಂಡು ಸುಟ್ಟ ಅಂಟಿನ ವಾಸನೆ ಮನೆಯೆಲ್ಲ ತುಂಬಿತು.

ಬಿಸಿ ಆರಿದ ಮೇಲೆ ಮಾವ ಕೈ ಹಾಕಿದರು. ಕಣ್ಣು ಮುಚ್ಚಿದರು. ಅರ್ಧ ಗಂಟೆಯಾಯಿತು. ಊಟಕ್ಕೆ ಕರೆದರೆ ಬರಲಿಲ್ಲ. ಎರಡು ಗಂಟೆಗೆ ಮಗಳು ಚಾಪೆಯ ಮೇಲೇ ನಿದ್ದೆ ಹೋದಳು. ಸಾಕು ಬಿಡಿ ಮಾವ ಎಂದು ಸೊಸೆ ಎಷ್ಟು ಸಲ ಹೇಳಿದರೂ ಅವರು ಕೈ ತೆಗೆಯಲಿಲ್ಲ. ನಾಲ್ಕು ಗಂಟೆಗೆ ಅಂಟು ಮೆತ್ತಿದ ಬೆರಳುಗಳನ್ನು ಹೊರಗೆ ತೆಗೆದು, “ನನ್ನ ಕೈಲಿ ಆಗಲ್ಲ” ಎಂದರು. ಗೋಡೆ ಹಿಡಿದುಕೊಂಡು ಕುರ್ಚಿಗೆ ಹೋದರು.

ಆಮೇಲೆ ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಮೊದಲು ‘ಹೂಂ’ ಆದರೂ ಇತ್ತು, ಈಗ ಅದೂ ಹೋಯಿತು. ಮಗಳು ಹೋಗಿ ತೊಡೆಯ ಮೇಲೆ ಕೂತರೆ ಮೆಲ್ಲನೆ ಇಳಿಸಿದರು. ಕೊಟ್ಟದ್ದನ್ನೆಲ್ಲ ಬಡ್ಡಿ ಸಮೇತ ಕಿತ್ತುಕೊಂಡಂತಾಯಿತು ಎಂದು ಸೊಸೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಕಣ್ಣೊರೆಸಿಕೊಂಡಳು, ಎಡತೋಳನ್ನು ಬಲಕ್ಕೆ ಹೊಲಿದಳು, ಬಿಚ್ಚಿದಳು. ಗಂಡ ಮಾತ್ರ ಉತ್ಸಾಹದಿಂದ, ನಾಡಿದ್ದು ರಜೆ, ತಾನೇ ಪ್ರಿಂಟರನ್ನು ರಿಪೇರಿ ಅಂಗಡಿಗೆ ಹೊರುವುದಾಗಿ ಸಾರಿ ಕೆಲಸಕ್ಕೆ ಹೋದ.

ಅವನ ಹೆಜ್ಜೆ ಸದ್ದು ಮೆಟ್ಟಿಲಿಳಿದು ಮರೆಯಾದ ಮೇಲೆ ಅವಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

“ಮಾವ, ನಿಮ್ಮ ಕೈಲಿ ಆಗದೆ ಇದ್ದಿದ್ದಲ್ಲ. ನಾನೇ ಬೇಕಂತ ಸ್ಟಿಕರ್ ಹಾಕಿದ್ದೆ.”

“ಗೊತ್ತು.”

“ಅದಕ್ಕೆ ಮುಂಚೆ ಸಿಕ್ಕಿಕೊಂಡಿದ್ದೂ...”

“ಅದೂ ಗೊತ್ತು. ರೋಲರ್ ಮುದುರಿದ ಕಾಗದ ಅಡ್ಡಾದಿಡ್ಡಿ ಇರತ್ತೆ. ನಿಂದು ನೆರಿಗೆ ಹಿಡಿದ ಹಾಗಿತ್ತು.”

ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಇಷ್ಟು ದಿನ ತಾನು ಆಡಿದ ನಾಟಕವನ್ನು ನಂಬಿದವಳು ತಾನೊಬ್ಬಳೇ.

“ಮತ್ತೆ ಯಾಕೆ ಸುಮ್ನಿದ್ರಿ?”

“ಬೆರಳಿಗಾದ್ರೂ ಕೆಲಸ ಇತ್ತಲ್ಲ. ಮಡಿಕೆ ಇದ್ರೆ ಬೆರಳಿಗೆ ಸಿಗತ್ತೆ. ಸ್ಟಿಕರಿಗೆ ಅಂಚೇ ಸಿಗಲಿಲ್ಲ.”

“ಅಂಚು ಎದುರಿಗೇ ಇತ್ತಲ್ಲ ಮಾವ. ಬೆಳ್ಳಗೆ ಕಾಣ್ತಾ ಇತ್ತು.”

ಮಾವ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡರು.

“ನಿಂಗೆ ಕಾಣತ್ತೆ” ಎಂದರು.

ಉಳಿದದ್ದು ತುಂಡು ತುಂಡಾಗಿ ಬಂತು. ಎರಡು ಕಣ್ಣಿಗೂ ಮಂಜು ಕವಿದು ಒಂದು ವರ್ಷದ ಮೇಲಾಗಿತ್ತು. ಮುದ್ರಣಾಲಯದಲ್ಲಿ ಒಂದು ದಿನ ಪತ್ರಿಕೆಯ ಚಿತ್ರದಲ್ಲಿ ಕೆಂಪು ಒಂದು ಕಡೆ, ನೀಲಿ ಒಂದು ಕಡೆ ಸರಿದು ಸಾವಿರಾರು ಪ್ರತಿ ಕೆಟ್ಟವು. ಯಂತ್ರದ ಮುಂದೆ ನಿಂತಿದ್ದ ಅವರಿಗೆ ಅದು ಕಾಣಲೇ ಇಲ್ಲ. ಯಾರಾದರೂ ಬಾಯಿಬಿಟ್ಟು ಹೇಳುವ ಮೊದಲೇ ಮನೆಗೆ ಬಂದುಬಿಟ್ಟರು. ಕಿಟಕಿಯ ಬೆಳಕು ಸೂಜಿಯ ಹಾಗೆ ಚುಚ್ಚುತ್ತಿತ್ತು, ಅದಕ್ಕೇ ಗೋಡೆ. ತೋರಿಸಿಕೊಂಡರೆ ಇನ್ನೇನೂ ಮಾಡಲಾಗದು ಎಂದುಬಿಟ್ಟಾರು, ತೋರಿಸದಿದ್ದರೆ ಒಂದಿಷ್ಟು ಆಸೆಯಾದರೂ ಇರುತ್ತದೆ ಎಂದು ಕೂತಿದ್ದರು.

ಸೊಸೆಗೆ ತನ್ನ ಜಾಣತನದ ಪೂರ್ತಿ ಅಗಲ ಈಗ ತಿಳಿಯಿತು. ಮನೆಮಂದಿಯೆಲ್ಲ ಸೇರಿ ಕಣ್ಣಿನ ಕಾಯಿಲೆಗೆ ಧೈರ್ಯ ಹೇಳಿದ್ದರು. ತಾನು ಕಣ್ಣು ಕಾಣದ ಮನುಷ್ಯನಿಗೆ ದಿನವೂ ಕತ್ತಲೆಯಲ್ಲಿ ಕಾಗದ ಹುಡುಕಲು ಹಚ್ಚಿ, ಅದನ್ನು ತಪಸ್ಸೆಂದು ಬಾಯಿ ಬಿಟ್ಟುಕೊಂಡು ನೋಡಿದ್ದಳು. ಅವಳು ಎದ್ದು, ಈಗಲೇ ನಿಮ್ಮ ಮಗನಿಗೆ ಫೋನ್ ಮಾಡುತ್ತೇನೆ, ಇವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗೋಣ ಎಂದಳು. ಮಾವ ಅವಳ ಮಣಿಗಂಟು ಹಿಡಿದು ಕೂರಿಸಿದರು.

“ಅವನಿಗೆ ಬೇಡ. ಡಾಕ್ಟರ್ ಏನಂತಾರೋ ಅದನ್ನ ಮೊದಲು ನಾನು ಕೇಳ್ಬೇಕು, ಆಮೇಲೆ ಊರು ಕೇಳ್ಲಿ. ಒಂದು ಉಪಕಾರ ಮಾಡಮ್ಮ. ನಾಳೆ ನಾವಿಬ್ರೂ ಪ್ರಿಂಟರ್ ರಿಪೇರಿಗೆ ಹೋಗ್ತೀವಿ ಅಂತ ಹೇಳು.”

“ಅದು ಮನೇಲೇ ಕೂತಿದ್ರೆ ನಂಬ್ತಾರಾ?”

ಮಾವ ಯೋಚಿಸಿದರು. ಮೂರು ಮಹಡಿ, ಲಿಫ್ಟು ಇಲ್ಲ ಎಂಬುದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಹಾಗಾದ್ರೆ ಅದನ್ನೂ ಆಸ್ಪತ್ರೆಗೆ ತಗೊಂಡು ಹೋಗೋಣ” ಎಂದರು. “ನೀನು ಅದನ್ನ ಎತ್ಕೋ, ನಾನು ನಿನ್ನ ಭುಜ ಹಿಡ್ಕೋತೀನಿ. ಮೆಟ್ಟಿಲು ಮಾತ್ರ ಸ್ವಲ್ಪ ಜೋರಾಗಿ ಎಣಿಸ್ತಾ ಇಳಿ.”