ಖಾಲಿ ಸೀಟಿನ ಮೇಲೊಂದು ಸಂಶಯ

ಖಾಲಿ ಸೀಟು ಕಂಡರೆ ನನಗೆ ಮೊದಲು ಬರುವುದು ಸಂತೋಷವಲ್ಲ, ಸಂಶಯ. ಮೈಸೂರಿನ ಸಿಟಿ ಬಸ್ಸುಗಳಲ್ಲಿ ಕಾಲೇಜಿಗೆ ಓಡಾಡಿ ಸಂಪಾದಿಸಿಕೊಂಡ ಗುಣ ಇದು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವವರ ನಡುವೆ ಬೆಳೆದವನಿಗೆ, ಫುಟ್‌ಬೋರ್ಡಿನ ತನಕ ಜನ ನೇತಾಡುತ್ತಿರುವ ಬಸ್ಸಿನ ನಟ್ಟನಡುವೆ ಒಂದೇ ಒಂದು ಸೀಟು ಖಾಲಿ ಕಂಡರೆ ಏನನ್ನಿಸಬೇಕು ಹೇಳಿ. ಅಲ್ಲಿ ಯಾವುದೋ ಮಗು ವಾಂತಿ ಮಾಡಿಕೊಂಡಿರಬೇಕು, ಇಲ್ಲವೇ ಸೀಟಿನ ಕೆಳಗೆ ಯಾರದೋ ಮೀನಿನ ಬುಟ್ಟಿ ಇರಬೇಕು, ಏನೂ ಇಲ್ಲವೆಂದರೆ ಒಂದು ಮೊಳೆಯಾದರೂ ಮೇಲೆದ್ದಿರಬೇಕು. ನಾನು ಬಗ್ಗಿ ನೋಡಿ, ಅಂಗೈಯಲ್ಲಿ ಸವರಿ ನೋಡಿ, ಪಕ್ಕದಲ್ಲಿ ಕೂತವರ ಮುಖವನ್ನೂ ಒಮ್ಮೆ ಪರೀಕ್ಷಿಸಿ ಇನ್ನೇನು ಕೂರಬಹುದು ಎಂದು ತೀರ್ಮಾನಿಸುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಬಂದು ಕೂತುಬಿಡುತ್ತಿದ್ದರು. ಅವರಿಗೆ ಏನೂ ಆಗದಿರುವುದನ್ನು ನೋಡುತ್ತಾ ನಾನು ನಿಂತುಕೊಂಡೇ ಕಾಲೇಜು ತಲುಪುತ್ತಿದ್ದೆ.

ಈಗ ನಾನಿರುವುದು ಅಮೆರಿಕದ ಟೆಕ್ಸಸ್ಸಿನ ಸೀಡರ್ ಪಾರ್ಕ್ ಎಂಬ ಊರಿನಲ್ಲಿ, ಇಲ್ಲಿ ಬಸ್ಸಿನ ಗೊಡವೆಯಿಲ್ಲ. ಕೊತ್ತಂಬರಿ ಸೊಪ್ಪು ತರುವುದಕ್ಕೂ ಕಾರು ತೆಗೆಯಬೇಕು. ಆದರೂ ಗುಣ ಹೋಗಿಲ್ಲ. ಅಂಗಡಿಯಲ್ಲಿ ಒಂದು ಕೊಂಡರೆ ಇನ್ನೊಂದು ಉಚಿತ ಎಂದರೆ, ಉಚಿತವಾದದ್ದು ಯಾವುದು ಎಂದು ಪತ್ತೆ ಹಚ್ಚಿ ಅದನ್ನು ಅಲ್ಲೇ ಬಿಟ್ಟು ಬರುತ್ತೇನೆ. ನೆರೆಮನೆಯ ಮುದುಕ ನಾನಿಲ್ಲದಾಗ ನಮ್ಮ ಲಾನನ್ನೂ ಸೇರಿಸಿ ಕತ್ತರಿಸಿದರೆ, ಕೃತಜ್ಞತೆಗಿಂತ ಮೊದಲು ಬೇಲಿಯ ಕಂಬ ಮೊದಲಿದ್ದ ಜಾಗದಲ್ಲೇ ಇದೆಯೇ ಎಂದು ನೋಡಿಬರುತ್ತೇನೆ. ಇಂಥವನನ್ನು ಒಂದು ದೇಶ ಕರೆಯಿತು. ಒಬ್ಬರಲ್ಲ ಇಬ್ಬರಲ್ಲ, ಒಂದು ಇಡೀ ದೇಶ.

ಆದದ್ದಿಷ್ಟು. ನಾನು ಕೆಲಸ ಮಾಡುವುದು ಪಕ್ಕದ ಆಸ್ಟಿನ್ನಿನ ಒಂದು ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ. ಅಲ್ಲಿ ನನ್ನ ಜೊತೆ ನಕಮುರಾ ಎಂಬ ಜಪಾನಿ ಹಿರಿಯರಿದ್ದಾರೆ. ಲಿಫ್ಟಿನ ಬಾಗಿಲಿಗೂ ತಲೆ ಬಾಗಿಸಿ ಒಳಗೆ ಹೋಗುವಷ್ಟು ವಿನಯ. ಒಂದು ಮಧ್ಯಾಹ್ನ ಅವರು ತಮ್ಮ ಊಟದ ಡಬ್ಬಿಯನ್ನು ನನ್ನ ಮೊಸರನ್ನದ ಎದುರಿಗೆ ತಂದಿಟ್ಟುಕೊಂಡು, ನಮ್ಮ ಕಂಪನಿಯ ಜಪಾನಿನ ಕಾರ್ಖಾನೆಯಲ್ಲಿ ಒಂದು ಜಾಗ ಖಾಲಿಯಿದೆ, ನಿಮ್ಮ ಹೆಸರು ಹೇಳಲೇ ಎಂದು ಕೇಳಿದರು. ಓದಿದವರಿಗೆಂದೇ ಅಲ್ಲಿ ಹೊಸ ಬಗೆಯ ವೀಸಾ ಬಂದಿದೆಯಂತೆ. ಕೆಲವೇ ವರ್ಷಗಳಲ್ಲಿ ಕಾಯಂ ನೆಲೆಸಬಹುದಂತೆ, ಹೆಂಡತಿಯೂ ಕೆಲಸ ಮಾಡಬಹುದಂತೆ. ನಾನು ಚಮಚ ಕೆಳಗಿಟ್ಟೆ. ಅಮೆರಿಕದ ಗ್ರೀನ್ ಕಾರ್ಡಿಗಾಗಿ ನಾನು ನಿಂತಿರುವ ಸಾಲು ಎಂಥದ್ದೆಂದರೆ, ಅದರ ಮುಂದಿನ ತುದಿಯನ್ನು ನೋಡಿದ ಕನ್ನಡಿಗ ಇನ್ನೂ ನನಗೆ ಸಿಕ್ಕಿಲ್ಲ. ಆದರೂ ಈ ದೇಶದ ಮೇಲೆ ನನಗೆ ಪೂರ್ತಿ ನಂಬಿಕೆ. ಬೇಡ ಬೇಡ ಎನ್ನುತ್ತಾ ಬಾಗಿಲಲ್ಲಿ ನಿಲ್ಲಿಸಿಕೊಂಡಿದೆ ಎಂದ ಮೇಲೆ ಒಳಗೆ ಏನೋ ಘನವಾದದ್ದೇ ಇರಬೇಕು. ಬಾಗಿಲು ತೆರೆದಿಟ್ಟು ಬನ್ನಿ ಎನ್ನುವವರನ್ನು ನಂಬುವುದು ಹೇಗೆ? ಯೋಚಿಸಿ ಹೇಳುತ್ತೇನೆ ಎಂದೆ. ಬೇಗ ಹೇಳಿದರೆ ಒಳ್ಳೆಯದು ಎಂದರು ನಕಮುರಾ. ಆ ‘ಬೇಗ’ ನನಗೆ ಹಿಡಿಸಲಿಲ್ಲ. ಯೋಚಿಸುವುದಕ್ಕೆ ಸಮಯ ಕೊಡದವರು ಯಾರು? ನಿವೇಶನ ಮಾರುವವರು.

ಮನೆಗೆ ಬಂದು ಹೆಂಡತಿ ಸುಧಾಗೆ ಹೇಳಿದೆ. ಅವಳು ಮೈಸೂರಿನಲ್ಲಿ ಒಳ್ಳೆಯ ಹೆಸರಿದ್ದ ಫಿಸಿಯೋಥೆರಪಿಸ್ಟ್. ನನ್ನ ವೀಸಾಕ್ಕೆ ಜೋತುಬಿದ್ದ ಹೆಂಡತಿಯ ವೀಸಾದಲ್ಲಿ ಇಲ್ಲಿಗೆ ಬಂದದ್ದರಿಂದ ಆಗ ಅವಳು ಕೆಲಸಕ್ಕೆ ಸೇರುವಂತಿರಲಿಲ್ಲ. ಆದರೆ ಕೈ ಸುಮ್ಮನಿದ್ದರೂ ಕಣ್ಣು ಸುಮ್ಮನಿರಬೇಕಲ್ಲ. ಮನೆಗೊಂದು ಅಡುಗೆ ತರುವ ಪಾಟ್‌ಲಕ್ಕಿಗೆ ಹೋದರೆ ಎಲ್ಲರೂ ಬಿಸಿಬೇಳೆ ಬಾತಿನ ಕಡೆ ನೋಡುತ್ತಿರುವಾಗ ಇವಳು ಯಾರು ಕುರ್ಚಿಯಿಂದ ಹೇಗೆ ಏಳುತ್ತಾರೆ ಎಂದು ನೋಡುತ್ತಿರುತ್ತಾಳೆ. ಆ ಅಂಕಲ್‌ಗೆ ಎಡಗಡೆ ಸೊಂಟ, ಈ ಆಂಟಿಗೆ ಬಲ ಮಂಡಿ ಎಂದು ಕಾರಿನಲ್ಲಿ ಬರುವಾಗ ನನಗೆ ಒಪ್ಪಿಸುತ್ತಾಳೆ. ಹೀಗಿರುವವಳು ಜಪಾನ್ ಎಂದ ಕೂಡಲೇ, ದೇಶದ ತುಂಬ ಮಂಡಿ ನೋಯುವವರೇ ಇದ್ದಾರಲ್ಲವೇ ಎಂದಳು. ಬೇರೆಯವರು ಹೂವಿನ ಮರಗಳನ್ನು ನೆನೆಯುವ ಹೊತ್ತಿನಲ್ಲಿ ಅವಳ ಮುಖದಲ್ಲಿ ಅರಳಿದ್ದು ಮಂಡಿಗಳು.

ನಾನು ಮಾತ್ರ ವಿಚಾರಣೆಗೆ ಇಳಿದೆ. ನಮ್ಮಲ್ಲಿ ಹುಡುಗಿಯನ್ನು ಕೊಡುವ ಮೊದಲು ಗಂಡಿನ ಮನೆಯ ಬಗ್ಗೆ ಅಕ್ಕಪಕ್ಕದವರನ್ನು ಕೇಳುವುದಿಲ್ಲವೇ, ಹಾಗೆ. ಇಂಟರ್ನೆಟ್ಟಿನಲ್ಲಿ ಓದಿದಷ್ಟೂ ದಿಗಿಲು ಹೆಚ್ಚಿತು. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚಂತೆ. ಮಕ್ಕಳ ಡಯಾಪರಿಗಿಂತ ಮುದುಕರ ಡಯಾಪರೇ ಹೆಚ್ಚು ಖರ್ಚಾಗುತ್ತದಂತೆ. ಹಳ್ಳಿಗಳಲ್ಲಿ ವಾರಸುದಾರರಿಲ್ಲದ ಮನೆಗಳನ್ನು ಕೇಳಿದವರಿಗೆ ಕೊಟ್ಟುಬಿಡುತ್ತಾರಂತೆ. ಪುಕ್ಕಟೆ ಮನೆ ಎಂದು ಓದಿದ ಕೂಡಲೇ ನನಗೆ ಅದರ ಬಾವಿಯಲ್ಲಿ ಯಾರು ಬಿದ್ದಿರಬಹುದು ಎಂಬ ಯೋಚನೆ ಶುರುವಾಯಿತು. ನೆರೆಹೊರೆಯನ್ನೂ ವಿಚಾರಿಸಿದೆ. ಕೊರಿಯಾದಲ್ಲೂ ಇದೇ ಕಥೆ. ಸಿಂಗಪುರದಲ್ಲಿ ಸರ್ಕಾರವೇ ಮುಂದೆ ನಿಂತು ಹುಡುಗ ಹುಡುಗಿಯರಿಗೆ ಪರಿಚಯ ಮಾಡಿಸಿ ಕೊಡುತ್ತದಂತೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೂಗಿಗೆ ವಾಸನೆ ಬಡಿದದ್ದು ಇದು: ಜಪಾನು ನಾವು ವಲಸಿಗರನ್ನು ಕರೆಯುವುದೇ ಇಲ್ಲ ಎಂದು ಹೇಳುತ್ತಲೇ ಕರೆಯುತ್ತದೆ. ಓದಿದವರನ್ನು ಕರೆದರೆ ಪ್ರತಿಭೆ ಎನ್ನುತ್ತದೆ, ಓದದವರನ್ನು ಕರೆದರೆ ತರಬೇತಿಗೆ ಬಂದವರು ಎನ್ನುತ್ತದೆ. ನೆಂಟರನ್ನು ಮನೆಗೆ ಕರೆದು, ಪಕ್ಕದ ಮನೆಯವರಿಗೆ ಇವರು ನಲ್ಲಿ ರಿಪೇರಿಗೆ ಬಂದವರು ಎಂದು ಹೇಳಿದ ಹಾಗೆ.

ಯೂಲೆಸ್‌ನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ನಮ್ಮ ಹುಬ್ಬಳ್ಳಿಯ ಮಲ್ಲಣ್ಣನವರಿಗೆ ಫೋನು ಮಾಡಿದೆ. ಅವರ ಅಂಗಡಿ ಡಾಲಸ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವುದರಿಂದ ಅವರ ಸಲಹೆಗಳು ಒಂದೊಂದು ವಿಮಾನದ ಸದ್ದು ಅಡಗಿದ ಮೇಲೆ ಒಂದೊಂದು ಕಂತಿನಲ್ಲಿ ಬರುತ್ತವೆ. ಎಲ್ಲವನ್ನೂ ಕೇಳಿಸಿಕೊಂಡು ಅವರೆಂದರು:

“ನೋಡ್ರಿ, ವರಾ ಛಲೋ ಅದಾನ, ನೌಕರಿ ಅದ, ವರದಕ್ಷಿಣಿ ಏನೂ ಬ್ಯಾಡ ಅಂದ್ರ ನಮ್ಮ ಮಂದಿ ಮೊದಲ ಏನ್ ಕೇಳ್ತಾರ? ಹುಡುಗಗ ಏನ್ ಆಗೇತಿ ಅಂತ ಕೇಳ್ತಾರ. ನೀವೂ ಅದನ್ನ ಕೇಳ್ರಿ.”

ನನಗೆ ಬೇಕಾದ ಮಾತು ಇದೇ ಆಗಿತ್ತು. ಅಂದು ರಾತ್ರಿ ಊಟದ ಹೊತ್ತಿಗೆ ಸುಧಾ ಮುಂದೆ ನನ್ನ ಸಂಶಯಗಳನ್ನೆಲ್ಲ ಬಡಿಸಿದೆ. ಅಲ್ಲಿ ಭೂಕಂಪ. ಅಲ್ಲಿ ಸಾರಿಗೂ ಮೀನು. ಅಲ್ಲಿ ನಾಳೆ ನಮ್ಮನ್ನು ದುಡಿಸಿಕೊಂಡು ಅವರ ಮುದುಕರನ್ನೆಲ್ಲ ನಮ್ಮ ತಲೆಗೆ ಕಟ್ಟಿದರೆ? ನನ್ನ ಮಗಳು ಅನಿಕಾ ತಟ್ಟೆಯಿಂದ ತಲೆಯೆತ್ತದೆ, “ಡ್ಯಾಡ್, ಇಟ್ಸ್ ಜಸ್ಟ್ ಜಪಾನ್” ಎಂದಳು. ಕೊನೆಗೆ ನಾನು ಬ್ರಹ್ಮಾಸ್ತ್ರ ತೆಗೆದೆ. ಹೊರಗಿನಿಂದ ನರ್ಸುಗಳನ್ನು ಕರೆಸಿಕೊಂಡು, ಅವರ ಭಾಷೆಯಲ್ಲೇ ಪರೀಕ್ಷೆ ಬರೆಸಿ, ಮುಕ್ಕಾಲು ಮಂದಿಯನ್ನು ಫೇಲ್ ಮಾಡಿ ವಾಪಸು ಕಳಿಸುತ್ತಾರಂತೆ, ನಿನ್ನನ್ನೂ ಹಾಗೆಯೇ ಮಾಡುತ್ತಾರೆ ಎಂದೆ.

ಸುಧಾ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

“ಫೇಲಾದ್ರೂ ಮಾಡ್ತಾರಲ್ಲ ರೀ. ಇಲ್ಲಿ ನಾನು ಪಾಸೂ ಅಲ್ಲ, ಫೇಲೂ ಅಲ್ಲ. ಇಷ್ಟು ವರ್ಷದಿಂದ ಬರೀ ಆಬ್ಸೆಂಟು.”

ಜಗಳವಾಗಿದ್ದರೆ ನಾನು ಗೆಲ್ಲುತ್ತಿದ್ದೆನೋ ಏನೋ. ಇದು ಜಗಳವಾಗಿರಲಿಲ್ಲ. ಮಾರನೆಯ ದಿನದಿಂದ ಅವಳು ಜಪಾನಿ ಕಲಿಯತೊಡಗಿದಳು. ಫ್ರಿಜ್ಜಿನ ಮೇಲೆ, ಅಕ್ಕಿ ಡಬ್ಬದ ಮೇಲೆ, ಒಗ್ಗರಣೆ ಡಬ್ಬಿಯ ಮುಚ್ಚಳದ ಮೇಲೆ ಆ ಭಾಷೆಯ ಚೀಟಿಗಳು ಹತ್ತಿದವು. ಸಾಸಿವೆ ಎಂದುಕೊಂಡು ನಾನು ಮೆಂತ್ಯ ಹಾಕಿದ ದಿನಗಳೂ ಉಂಟು. ಇದೂ ಜಪಾನಿನ ಒಳಸಂಚೇ ಎಂದು ನನಗೆ ಅನ್ನಿಸಿತ್ತು.

ಇತ್ತ ಆಫೀಸಿನಲ್ಲಿ ನಕಮುರಾ ಎರಡನೆಯ ಸಲ ಕೇಳಿದರು, ಇನ್ನಷ್ಟು ಮೆಲ್ಲಗೆ. ಅವರ ಬ್ಯಾಗಿನಿಂದ ಎರಡು ಹಣ್ಣುಗಳೂ ಹೊರಬಂದವು. ಹಣ್ಣು ಬಂತೆಂದರೆ ವಿಷಯ ಕೈಮೀರಿದೆ ಎಂದು ನನಗೆ ಖಾತ್ರಿಯಾಯಿತು. ಮಲ್ಲಣ್ಣನವರ ಮಾತು ನೆನಪಿಸಿಕೊಂಡು ಧೈರ್ಯ ಮಾಡಿ ಕೇಳಿಯೇಬಿಟ್ಟೆ: ನಿಮ್ಮವರು ನಮ್ಮನ್ನು ಯಾಕೆ ಕರೆಯುತ್ತಿದ್ದಾರೆ? ಮೈಸೂರು ಬಸ್ಸಿನ ಖಾಲಿ ಸೀಟಿನ ವಿಚಾರವನ್ನೂ, ಕರ್ಚೀಫಿನ ಪದ್ಧತಿಯನ್ನೂ ಅವರಿಗೆ ಬಿಡಿಸಿ ಹೇಳಿದೆ. ಅವರು ಒಂದು ಹಣ್ಣಿನ ಸಿಪ್ಪೆ ಸುಲಿದು ನನ್ನ ಮುಂದಿಟ್ಟರು. ಆಮೇಲೆ ತಮ್ಮೂರಿನ ಬಸ್ಸಿನ ಬಗ್ಗೆ ಹೇಳಿದರು. ಹೋದ ಸಲ ಊರಿಗೆ ಹೋಗಿದ್ದಾಗ ಸ್ಟೇಷನ್ನಿನಿಂದ ಆ ಬಸ್ಸು ಹತ್ತಿದರಂತೆ. ಎಲ್ಲ ಸೀಟುಗಳೂ ಖಾಲಿ. ಡ್ರೈವರು ಇವರಿಗಿಂತ ಹಿರಿಯ. ಖಾಲಿ ನಿಲ್ದಾಣ ಬಂದಾಗಲೂ ಆತ ಬಸ್ಸು ನಿಲ್ಲಿಸಿ, ಬಾಗಿಲು ತೆಗೆದು, ನಿಲ್ದಾಣದ ಹೆಸರು ಹೇಳಿ, ಒಂದು ಗಳಿಗೆ ಕಾದು, ಬಾಗಿಲು ಮುಚ್ಚುತ್ತಿದ್ದನಂತೆ. ಹಿಂದಿನ ಸೀಟಿನಲ್ಲಿ ಕೂತರೆ ಆತನಿಗೆ ಬೇಸರವಾದೀತೆಂದು ಇವರು ಡ್ರೈವರಿನ ಬೆನ್ನ ಹಿಂದಿನ ಸೀಟಿನಲ್ಲೇ ಕೂತರಂತೆ.

“ನಮ್ಮ ಸೀಟಿನಲ್ಲಿ ಏನೂ ತಪ್ಪಿಲ್ಲ,” ಎಂದರು ನಕಮುರಾ. “ಕೂರುವವರಿಲ್ಲ, ಅಷ್ಟೆ.”

ಯಾರಾದರೂ ಕರಗಬೇಕಾದ ಮಾತು. ನಾನೂ ಕರಗಿದೆ, ಸಾಯಂಕಾಲದ ತನಕ. ಟ್ರಾಫಿಕ್ಕಿನಲ್ಲಿ ಮನೆಗೆ ಬರುತ್ತಾ, ಇಷ್ಟು ಚೆನ್ನಾಗಿ ಹೇಳುತ್ತಾರೆಂದರೆ ಇದನ್ನು ಇನ್ನೆಷ್ಟು ಜನರಿಗೆ ಹೇಳಿರಬಹುದು ಎಂಬ ಯೋಚನೆ ಹತ್ತಿತು.

ಹೀಗೆ ವಸಂತ ಹೋಗಿ ಟೆಕ್ಸಸ್ಸಿನ ಬೇಸಿಗೆ ಬಂತು. ಈ ನಡುವೆ ನನಗೆ ನಲವತ್ತು ತುಂಬಿತು. ಸುಧಾ ಮೊಟ್ಟೆಯಿಲ್ಲದ ಕೇಕು ತರಿಸಿದಳು. ಫ್ಲೂಗರ್‌ವಿಲ್ಲಿನಿಂದೆಲ್ಲ ಸ್ನೇಹಿತರು ಬಂದು ನನ್ನ ಕೂದಲಿನ ಬಗ್ಗೆ ಆಡಬೇಕಾದ್ದನ್ನೆಲ್ಲ ಆಡಿದರು. ಅವರೆಲ್ಲ ಹೋದ ಮೇಲೆ, ಉಳಿದ ಪಾತ್ರೆಗಳನ್ನು ತೊಳೆಯುತ್ತಾ ಅವಳು ನನಗೆ ಕೇಳಿಸಲೆಂದಲ್ಲದೆ, ತನ್ನಷ್ಟಕ್ಕೆ ಜಪಾನಿಯಲ್ಲಿ ಒಂದು ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಏನದು ಎಂದು ಕೇಳಿದೆ. “ಎಲ್ಲಿ ನೋಯುತ್ತೆ ಅಂತ ಕೇಳೋದು ರೀ” ಎಂದಳು. ಆ ಮಾತಿಗೆ ನನ್ನ ಸಂಶಯಗಳು ಒಂದೊಂದಾಗಿ ಎದ್ದು ಹೊರಗೆ ಹೋದವು. ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಕಮುರಾ ಅವರ ಮುಂದೆ ನಿಂತು, ಒಂದು ದೇಶಕ್ಕೆ ಉಪಕಾರ ಮಾಡುವವನ ಗತ್ತಿನಲ್ಲಿ, ಆಯಿತು, ಬರುತ್ತೇನೆ ಎಂದೆ.

ನಕಮುರಾ ಎದ್ದು ನಿಂತರು. ಅವರು ಇಷ್ಟು ಆಳವಾಗಿ ಬಾಗಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಕೃತಜ್ಞತೆ ಎಂದುಕೊಂಡೆ. ಅದು ಕ್ಷಮೆ ಕೇಳುವ ಬಾಗು. ಆ ವೀಸಾಕ್ಕೆ ಓದಿಗಿಷ್ಟು, ಅನುಭವಕ್ಕಿಷ್ಟು, ಸಂಬಳಕ್ಕಿಷ್ಟು ಎಂದು ಅಂಕಗಳಿವೆಯಂತೆ. ವಯಸ್ಸಿಗೂ ಇವೆಯಂತೆ, ನಲವತ್ತರ ಒಳಗಿನವರಿಗೆ ಮಾತ್ರ. ಮಿಕ್ಕದ್ದೆಲ್ಲ ಸೇರಿ ನಾನು ದಡದ ಅಂಚಿನಲ್ಲಿದ್ದವನು. ವಯಸ್ಸಿನ ಆ ಚೂರು ಅಂಕ ಕಳಚಿದ ಮೇಲೆ ಈಚೆಗೇ ಉಳಿದೆ. ಅದಕ್ಕೇ ನಿಮಗೆ ಬೇಗ ಹೇಳಿ ಎಂದಿದ್ದೆ, ಹಿರಿಯರ ಎದುರಿಗೆ ವಯಸ್ಸಿನ ಮಾತೆತ್ತುವುದು ನಮ್ಮಲ್ಲಿ ಮರ್ಯಾದೆಯಲ್ಲ ಎಂದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರಾದ ನಕಮುರಾ ನನ್ನನ್ನು ಹಿರಿಯ ಎಂದರು. ಆಮೇಲೆ ತೀರ ಸಂಕೋಚದಿಂದ ಸೇರಿಸಿದರು:

“ನಮ್ಮ ವಯಸ್ಸಿನವರು ಅಲ್ಲಿ ಈಗಾಗಲೇ ಬಹಳ ಇದ್ದಾರೆ.”

ಆ ಜಾಗಕ್ಕೆ ಡಾಲಸ್ ಆಫೀಸಿನ ಒಬ್ಬ ವಿಯೆಟ್ನಾಮಿ ಹುಡುಗ ಹೋದ. ಕೇಳಿದ ದಿನವೇ ಹೂಂ ಎಂದನಂತೆ. ಅವನಿಗೆ ಇವತ್ತಿನವರೆಗೂ ಏನೂ ಆಗಿಲ್ಲ. ಆಗಾಗ ವಿಚಾರಿಸುತ್ತಿರುತ್ತೇನೆ.

ಅಂದು ಸಂಜೆ ಸುಧಾಗೆ ಹೇಳಿದೆ. ಅವಳು ಬೈಯಲಿಲ್ಲ. ಚೀಟಿಗಳನ್ನೂ ಕೀಳಲಿಲ್ಲ. “ಹೋಗ್ಲಿ ಬಿಡಿ. ಅವ್ರಿಗೂ ನಿಮ್ಮ ಮೇಲೆ ಸಂಶಯ ಬಂದಿರ್ಬೇಕು” ಎಂದು ಬೀನ್ಸಿನ ನಾರು ತೆಗೆಯುವುದನ್ನು ಮುಂದುವರಿಸಿದಳು. ಆಮೇಲೆ, ಡಿಸೆಂಬರಿನಲ್ಲಿ ಹ್ಯೂಸ್ಟನ್ನಿನಲ್ಲಿ ಜಪಾನಿ ಭಾಷೆಯ ಪರೀಕ್ಷೆ ಇದೆ, ನನ್ನನ್ನು ಕರೆದುಕೊಂಡು ಹೋಗಿ ಎಂದಳು. ಹೋಗುವುದೇ ಇಲ್ಲವೆಂದಾದ ಮೇಲೆ ಪರೀಕ್ಷೆ ಯಾಕೆ ಎಂದು ಕೇಳುವ ಅರ್ಹತೆ ನನಗಿರಲಿಲ್ಲ. ಆದ್ದರಿಂದ ಮನಸ್ಸಿನಲ್ಲೇ ಕೇಳಿಕೊಂಡೆ.

ಹ್ಯೂಸ್ಟನ್ನಿನ ಆ ಕಾಲೇಜಿನ ಮುಂದೆ ಒಂದು ಉದ್ದನೆಯ ಬೆಂಚಿತ್ತು. ಸುಧಾ ಒಳಗೆ ಹೋದ ಮೇಲೆ ಅಲ್ಲೇ ಕೂತೆ. ಪರೀಕ್ಷೆ ಬರೆಯುವವರ ಅಪ್ಪಂದಿರು, ಅಮ್ಮಂದಿರು, ಗೆಳೆಯರು ಒಬ್ಬೊಬ್ಬರಾಗಿ ಬಂದರು. ಬೆಂಚು ನೋಡಿದರು, ನನ್ನ ಪಕ್ಕದ ಜಾಗ ನೋಡಿದರು, ನನ್ನ ಮುಖ ನೋಡಿದರು, ಮರದ ಕೆಳಗೆ ಹೋಗಿ ನಿಂತರು. ಒಬ್ಬಾಕೆಯಂತೂ ಊರುಗೋಲು ಹಿಡಿದವಳು, ಗೋಡೆಗೆ ಒರಗಿ ನಿಂತಳೇ ಹೊರತು ಬೆಂಚಿನ ತನಕ ಬರಲಿಲ್ಲ. ನಾನು ಮೆಲ್ಲಗೆ ಪಕ್ಕದ ಜಾಗವನ್ನು ಸವರಿ ನೋಡಿದೆ. ಒದ್ದೆಯಿರಲಿಲ್ಲ, ಮೊಳೆಯಿರಲಿಲ್ಲ, ಮೀನಿನ ಬುಟ್ಟಿಯಿರಲಿಲ್ಲ. ಇಷ್ಟು ವರ್ಷ ಸೀಟುಗಳನ್ನು ಪರೀಕ್ಷೆ ಮಾಡುವಾಗ ನಾನು ಪಕ್ಕದಲ್ಲಿ ಕೂತವನ ಮುಖವನ್ನೂ ಯಾಕೆ ನೋಡುತ್ತಿದ್ದೆ ಎಂಬುದು ಆಗ ನೆನಪಾಯಿತು.

ಸಂಜೆ ಬಾಗಿಲು ತೆರೆಯಿತು. ಇಪ್ಪತ್ತರ ಆಚೀಚಿನ ಹುಡುಗ ಹುಡುಗಿಯರ ಗುಂಪಿನಲ್ಲಿ ಸುಧಾ ಹೆಗಲಿಗೆ ಚೀಲ ಹಾಕಿಕೊಂಡು ಬಂದಳು. ಬರುವ ದಾರಿಯಲ್ಲೇ ಊರುಗೋಲಿನ ಹೆಂಗಸಿನ ನಡಿಗೆಯನ್ನು ಒಮ್ಮೆ ತಿರುಗಿ ನೋಡಿದ್ದೂ ಆಯಿತು.

“ಫೇಲ್ ಆಗ್ತೀನಿ ಅನ್ಸುತ್ತೆ ರೀ,” ಎಂದಳು. ಮದುವೆಯ ಫೋಟೋದಲ್ಲೂ ಅವಳ ಮುಖ ಇಷ್ಟು ಬೆಳಗಿರಲಿಲ್ಲ.

ಹಾಗೆನ್ನುತ್ತಾ ನನ್ನ ಪಕ್ಕದ ಆ ಖಾಲಿ ಜಾಗದಲ್ಲಿ ಕೂತುಬಿಟ್ಟಳು. ಬಗ್ಗಿ ನೋಡಲಿಲ್ಲ, ಸೆರಗಿನಿಂದ ಒರೆಸಲಿಲ್ಲ, ನನ್ನ ಮುಖವನ್ನಂತೂ ನೋಡಲೇ ಇಲ್ಲ. ಸುಮ್ಮನೆ ಕೂತಳು. ಅಷ್ಟು ಸಲೀಸಾಗಿ ಯಾಕೆ ಕೂತಿರಬಹುದು ಎಂದು ಆಸ್ಟಿನ್ ಬರುವವರೆಗೂ ಯೋಚಿಸುತ್ತಾ ಡ್ರೈವ್ ಮಾಡಿದೆ.