ಸಂಜೆ ಐದರವರೆಗೆ ಸಿಟ್ಟಿಲ್ಲ

ತೂತು ಬಿದ್ದ ಒಂದು ಬೆತ್ತದ ಕುರ್ಚಿಯಿಂದ ಶುರುವಾದ ರಗಳೆ ಇದು.

ಉಪೇಂದ್ರ ಯಶವಂತಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದು ತನ್ನ ಕುರ್ಚಿ ಅಂತ ಕೂತರೆ, ಸೊಂಟ ಸೀದಾ ಕೆಳಕ್ಕಿಳಿದು ಮೊಣಕಾಲು ಗಲ್ಲಕ್ಕೆ ತಾಗಿತು. ಯಾರೋ ಮಹಾನುಭಾವರು ಕುರ್ಚಿ ಬದಲಾಯಿಸಿದ್ದರು. ಉಪೇಂದ್ರನ ಸಿಟ್ಟು ಕುಕ್ಕರಿನ ಹಾಗಲ್ಲ, ಮೊದಲು ಸೀಟಿ ಹೊಡೆದು ಎಚ್ಚರಿಸುವುದಿಲ್ಲ. ನೇರ ಮುಚ್ಚಳವೇ ಹಾರುತ್ತದೆ. ಕುರ್ಚಿಯನ್ನೆತ್ತಿ ಕಿಟಕಿಯಿಂದಾಚೆ ಎಸೆದ. ಅದು ಹೋಗಿ ಸೂಪರಿಂಟೆಂಡೆಂಟ್ ತ್ರಿವಿಕ್ರಮ ರಾಯರು ಮಕ್ಕಳ ಹಾಗೆ ಸಾಕಿದ್ದ ಕ್ರೋಟನ್ ಕುಂಡಗಳ ಮೇಲೆ ಕೂತಿತು. ಏಳು ಕುಂಡ. ಒಂದೂ ಉಳಿಯಲಿಲ್ಲ.

ಟೈಪಿಸ್ಟ್ ತುಂಗಾ ಕಿಟಕಿಯಿಂದ ಬಗ್ಗಿ ನೋಡಿ, "ಇಷ್ಟೊತ್ತು ಕುರ್ಚಿ ಒಂದೇ ತೂತಾಗಿತ್ತು ಕಣ್ರೀ ಉಪೇಂದ್ರ, ಈಗ ನಿಮ್ಮ ನೌಕರೀನೂ ಆಯ್ತು" ಅಂದಳು.

ರಾಯರು ಖಾದಿ ಮನುಷ್ಯ. ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಾಗಿತ್ತು.

"ನಿಮ್ಮ ಸಸ್ಪೆನ್ಷನ್ ಆರ್ಡರ್ ಟೈಪ್ ಆಗಿ ಡ್ರಾಯರ್‌ನಲ್ಲಿದೆ. ನನ್ನ ರುಜು ಒಂದು ಬಾಕಿ. ಭಾನುವಾರ ಹೆಸರಘಟ್ಟದಲ್ಲಿ ಗುಂಡಣ್ಣನವರ ಅಹಿಂಸಾ ಶಿಬಿರ ಇದೆ, ಹೋಗಿ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ನೀವು ಸಿಟ್ಟಾಗಲಿಲ್ಲ ಅಂತ ಅವರಿಂದ ಬರೆಸ್ಕೊಂಡು ಬನ್ನಿ. ಸೋಮವಾರ ಹತ್ತಕ್ಕೆ ಆ ಕಾಗದ ನನ್ನ ಮೇಜಿನ ಮೇಲಿದ್ರೆ ಆರ್ಡರ್ ಹರಿದು ಹಾಕ್ತೀನಿ."

"ಸಾರ್, ಒಂಬತ್ತು ಗಂಟೆ ಹೊತ್ತಾ?"

"ನಿಮಗೆ ಒಂಬತ್ತು ನಿಮಿಷಾನೇ ಹೆಚ್ಚು ಅಂತ ಗೊತ್ತು. ಅದಕ್ಕೇ ಕಳಿಸ್ತಿರೋದು."

ಭಾನುವಾರ ಬೆಳಗ್ಗೆ ಯಲಹಂಕದ ಮನೆಯ ಬಾಗಿಲಲ್ಲಿ ಹೆಂಡತಿ ಪಂಕಜಾ ಒಂದು ಪೊಟ್ಟಣ ಕೈಗಿಟ್ಟಳು. "ಲವಂಗ ಕಣ್ರೀ. ಬೈಬೇಕು ಅನ್ಸಿದಾಗೆಲ್ಲ ಒಂದು ಬಾಯಿಗೆ ಹಾಕ್ಕೊಂಡು ಕಚ್ಚಿ."

ಏಳು ವರ್ಷ ಕಾದು ಪಡೆದ ಸ್ಕೂಟರನ್ನೇರಿ ಉಪೇಂದ್ರ ಹೊರಟ. ಎರಡು ಎಮ್ಮೆ, ಒಂದು ಲಾರಿ, ದಾರಿ ಬಿಡದ ಒಂದು ಮದುವೆ ದಿಬ್ಬಣ ಸೇರಿ, ರಾಜಾನುಕುಂಟೆ ತಲುಪುವಷ್ಟರಲ್ಲಿ ಪೊಟ್ಟಣ ಖಾಲಿ.

ಅಲ್ಲಿಂದ ಮುಂದೆ ಮಾತ್ರ ಬೇರೆಯೇ ಲೋಕ. ಜನವರಿಯ ಮಂಜು ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಹಸುಗಳಿಗೆ ಕಾಲೇ ಇಲ್ಲ, ಬರೀ ಬೆನ್ನುಗಳು ತೇಲಿಕೊಂಡು ಹೋಗುತ್ತಿದ್ದವು. ಕೆರೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಸ್ಕೂಟರಿನ ಸದ್ದು ಕೂಡ ಯಾರೋ ಪಕ್ಕದ ಊರಿನಲ್ಲಿ ಓಡಿಸುತ್ತಿರುವ ಹಾಗೆ ಕೇಳುತ್ತಿತ್ತು.

ಕೆರೆಯ ಏರಿ ಪಕ್ಕದ ಹಳೇ ಹೆಂಚಿನ ಕಟ್ಟಡದಲ್ಲಿ ಉಪೇಂದ್ರನೂ ಸೇರಿ ಹದಿನಾಲ್ಕು ಮಂದಿ ಶಿಬಿರಾರ್ಥಿಗಳು ಚಾಪೆ ಮೇಲೆ ಕೂತಿದ್ದರು. ಎದುರಿಗೆ ಗುಂಡಣ್ಣ. ಹೆಸರಿಗೆ ಗುಂಡಣ್ಣ, ಆಳು ನುಗ್ಗೇಕಾಯಿ. ದನಿ ಮಾತ್ರ ಮಗುವನ್ನು ತೂಗುವವರ ದನಿ.

"ನಾಳೆ ಯಾವುದೋ ಹೋಟೆಲ್‌ನಲ್ಲಿ ಜಾತಿ ಕೇಳಿ ಒಬ್ಬರಿಗೆ ಬೇರೆ ಲೋಟ ಕೊಡ್ತಾರೆ. ನೀವು ಅವರ ಪಕ್ಕ ಕೂತ್ಕೋಬೇಕು. ಬೈತಾರೆ, ತಳ್ತಾರೆ. ಏಳಬಾರದು, ಕೈ ಎತ್ತಬಾರದು. ಅದು ಪುಸ್ತಕ ಓದಿದ್ರೆ ಬರಲ್ಲ, ಮೈಗೆ ಅಭ್ಯಾಸ ಆಗ್ಬೇಕು. ಅದಕ್ಕೇ ಇವತ್ತು ನಿಮ್ಮನ್ನ ಕೆಣಕೋಕೆ ಅಂತಾನೇ ಪರೀಕ್ಷಕರನ್ನ ಗೊತ್ತು ಮಾಡಿದೀನಿ. ಯಾರು, ಯಾವಾಗ, ಹೇಳಲ್ಲ. ಸಿಟ್ಟು ಮಾಡಿದವರು ಚಾಪೆ ಸುತ್ತಿಟ್ಟು ಮನೆಗೆ ಹೋಗ್ಬಹುದು."

ಉಪೇಂದ್ರನ ಎದೆ ಹಗುರಾಯಿತು. ಇಷ್ಟೇನಾ! ಬರುವವರೆಲ್ಲ ವೇಷದವರು. ವೇಷದವರ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ?

ಕಣ್ಣು ಮುಚ್ಚಿ ಉಸಿರು ಎಣಿಸಿದ ಮೇಲೆ ಎಲ್ಲರನ್ನೂ ಒಬ್ಬೊಬ್ಬರಾಗಿ ಮೌನ ನಡಿಗೆಗೆ ಬಿಟ್ಟರು. ಉಪೇಂದ್ರ ಹುಲ್ಲಿನಲ್ಲಿ ನಡೆದ. ಮೇಲೆ ಒಂದು ಹದ್ದು ಮೊಳೆ ಹೊಡೆದು ನೇತುಹಾಕಿದ ಹಾಗೆ ನಿಂತಿತ್ತು. ಎಲ್ಲೋ ದೂರದಲ್ಲಿ ರೈಲು ಕೂಗಿತು. ಮಂಜು ಕರಗಿ ಬಿಸಿಲು ಹೆಗಲ ಮೇಲೆ ಕೈ ಹಾಕಿತು. ಒಂದು ಹುಲ್ಲಿನ ಮೆದೆಗೆ ಒರಗಿ ಕೂತವನಿಗೆ, ಕಚೇರಿ, ಕುರ್ಚಿ, ಡ್ರಾಯರಿನ ಆರ್ಡರು ಎಲ್ಲ ಯಾರದೋ ಕತೆ ಅನ್ನಿಸಿ ಕಣ್ಣು ಹತ್ತಿತು.

"ಯಾವನ್ಲಾ ಅವ್ನು! ನಿಮ್ಮಪ್ಪನ್ ಮನೆ ಮಂಚ ಅನ್ಕಂಡೇನ್ಲಾ?"

ಕಣ್ಣು ಬಿಟ್ಟರೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ದೊಣ್ಣೆ ಹಿಡಿದ ಮುದುಕ. ಮೆದೆಯ ಒಂದು ಪಕ್ಕ ಜರಿದು ಉಪೇಂದ್ರನ ಮೇಲೇ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಆ ದೊಣ್ಣೆ ಆಗಲೇ ಎರಡು ತುಂಡಾಗಿರಬೇಕಿತ್ತು. ಉಪೇಂದ್ರ ನಕ್ಕು ಕೈ ಮುಗಿದ.

"ಬೈಯಿರಿ ಯಜಮಾನ್ರೇ, ಇನ್ನೂ ಬೈಯಿರಿ. ತುಂಬಾ ಸಹಜವಾಗಿದೆ."

ಮುದುಕ, ದೊಡ್ಡಮುನಿಯಪ್ಪ ಅಂತ ಹೆಸರು, ಎರಡು ಹೆಜ್ಜೆ ಹಿಂದೆ ಸರಿದ. "ಏನ್ಲಾ, ಉಚ್ಚಾ?"

"ಎಷ್ಟು ದಿನದಿಂದ ಅಭ್ಯಾಸ ಮಾಡಿದ್ರಿ?"

"ಉಟ್ಟಿದಾಗ್ಲಿಂದ! ಏಳ್ಲಾ ಮ್ಯಾಕೆ! ಮೆದೆ ಕೆಡವಿದ್ಯಲ್ಲ, ಇದ್ದಂಗೆ ಒಟ್ಟು!"

ಉಪೇಂದ್ರ ಒಟ್ಟಿದ. ಒಂದೂವರೆ ಗಂಟೆ ಒಟ್ಟಿದ. ಕಾಲರಿನೊಳಗೆ, ಕಿವಿಯೊಳಗೆ, ಹೇಳಬಾರದ ಜಾಗದೊಳಗೆಲ್ಲ ಹುಲ್ಲು ಸೇರಿಕೊಂಡಿತು. ದೊಡ್ಡಮುನಿಯಪ್ಪ ಬೀಡಿ ಸೇದುತ್ತಾ ಅವನ ವಂಶದ ಮೂರು ತಲೆಮಾರನ್ನು ಬೈದ. ಉಪೇಂದ್ರನಿಗೆ ಅದು ಜೋಗುಳದ ಹಾಗೆ ಕೇಳಿತು. ನಡುವೆ ಎರಡು ಸಲ "ಇನ್ನೊಮ್ಮೆ ಹೇಳಿ" ಅಂತಲೂ ಕೇಳಿದ. ಪಕ್ಕದ ಹೊಲದಲ್ಲಿ ಶಿಬಿರಕ್ಕೆ ಬಂದಿದ್ದ ಸಹಕಾರನಗರದ ಒಬ್ಬ ಲೆಕ್ಚರರು ಇನ್ಯಾರಿಂದಲೋ ಇದೇ ಥರ ಬೈಸಿಕೊಂಡು, ಕನ್ನಡದಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಮುಗಿಸಿ, ಚಾಪೆ ಸುತ್ತಿಟ್ಟು ಬಸ್ ಸ್ಟಾಪಿಗೆ ನಡೆದದ್ದು ಕಾಣಿಸಿತು.

ಮಧ್ಯಾಹ್ನ ಊಟಕ್ಕೆ ಉಳಿದವರು ಆರು ಮಂದಿ. ರಾಗಿಮುದ್ದೆ, ಅವರೆಕಾಳಿನ ಸಾರು. ಸೊಗಡಿನ ಪರಿಮಳಕ್ಕೆ ಉಪೇಂದ್ರನ ಹೊಟ್ಟೆ ಎದ್ದು ನಿಂತಿತು. ಬಡಿಸುತ್ತಿದ್ದ ಮುನಿಗಂಗಮ್ಮ ಎಲ್ಲರಿಗೂ ಬಡಿಸಿಕೊಂಡು ಬಂದು ಅವನ ಎದುರು ನಿಂತಳು. ಎಲೆಯನ್ನು ಸರಕ್ಕನೆ ಎಳೆದುಕೊಂಡಳು.

"ನಿಂಗಿಲ್ಲ. ಎದ್ದೋಗು ಆಚೀಕೆ. ಬಾಗ್ಲಲ್ಲಿ ಕುಂತ್ಕಾ."

ಪಂಕ್ತಿಯಲ್ಲಿದ್ದವರು ತುತ್ತು ಹಿಡಿದು ನೋಡಿದರು. ಉಪೇಂದ್ರ ಎದ್ದು ಹೋಗಿ ಹೊಸಿಲಾಚೆ ಕೂತ. ಹಸಿವಿನಲ್ಲಿ ಕೆರೆ ಇನ್ನಷ್ಟು ಹೊಳೆಯಿತು. ಬೆಳ್ಳಕ್ಕಿಗಳು ಬಡಿಸಿಟ್ಟ ಅನ್ನದ ಹಾಗೆ ಕಂಡವು.

"ಅಮ್ಮಾ, ಎಲೆ ಎಳೆದುಕೊಂಡ ರೀತಿ ಇದೆಯಲ್ಲ, ಅದ್ಭುತ."

ಮುನಿಗಂಗಮ್ಮ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಯ್ಯೋ, ಯಾರೆತ್ತ ಮಗಾನೋ. ಬೈದ್ರೆ ನಗ್ತದೆ!"

ನಾಲ್ಕು ಗಂಟೆಗೆ ಉಳಿದಿದ್ದವನು ಉಪೇಂದ್ರ ಒಬ್ಬನೇ. ಹದಿಮೂರು ಚಾಪೆಗಳು ಗೋಡೆಗೊರಗಿದ್ದವು. ಅವನು ಅಂಗಳದ ಹೊಂಗೆ ನೆರಳಿನಲ್ಲಿ ಅರ್ಧ ನಿದ್ದೆಯಲ್ಲಿ ತೇಲುತ್ತಿದ್ದಾಗ, ಗಿರಿಜಾ ಮೀಸೆಯ ಒಬ್ಬ ಆಸಾಮಿ ಬಂದು ಸ್ಕೂಟರಿನ ಸೀಟಿನ ಮೇಲೆ ಕೂತ.

"ಕೀ ಕೊಡಯ್ಯ."

"ತಮ್ಮ ಹೆಸರು?"

"ಮುನಿಶಾಮಪ್ಪ. ಎಸ್ರು ಕಟ್ಕಂಡು ಏನ್ಮಾಡೀಯ? ಕೀ ತತ್ತಾ."

ಉಪೇಂದ್ರ ಎರಡೂ ಕೈಯಲ್ಲಿ, ತಾಂಬೂಲ ಕೊಡುವ ಹಾಗೆ, ಕೀ ಕೊಟ್ಟ. ಮುನಿಶಾಮಪ್ಪ ಏಳು ಸಲ ಕಿಕ್ ಹೊಡೆದ. ಸ್ಕೂಟರು ಕೆಮ್ಮಿತೇ ಹೊರತು ಏಳಲಿಲ್ಲ.

"ಎಡಕ್ಕೆ ಒಂಚೂರು ಬಗ್ಗಿಸ್ಕೊಳ್ಳಿ ಸ್ವಾಮಿ. ಚೋಕ್ ಎಳೀರಿ. ಹಾಂ, ಈಗ ಹೊಡೀರಿ. ಇರಿ ಇರಿ, ನಾನೇ ತಳ್ತೀನಿ."

ಹಿಂದಿನಿಂದ ಓಡಿ ತಳ್ಳಿ ಏರಿ ಹತ್ತಿಸಿಕೊಟ್ಟ. ಏಳು ವರ್ಷ ಕಾದು ಪಡೆದ ಆ ಸ್ಕೂಟರು ಸಂಜೆಯ ಬಿಸಿಲಿನಲ್ಲಿ ಬಂಗಾರದ ಹೊಗೆ ಬಿಡುತ್ತಾ, ಚಿಕ್ಕದಾಗುತ್ತಾ, ಕೊನೆಗೆ ಒಂದು ಚುಕ್ಕೆಯಾಗಿ ಕರಗಿತು. ಉಪೇಂದ್ರ ಕೈ ಬೀಸಿ ಬೀಳ್ಕೊಟ್ಟ. ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೆ ತನ್ನ ಮೇಲೆ ಪ್ರೀತಿ ಉಕ್ಕಿತು. ನಾಳೆ ರಾಯರ ಮೇಜಿನ ಮೇಲೆ ಆ ಕಾಗದ. ಡ್ರಾಯರಿನ ಆರ್ಡರು ಚೂರು ಚೂರು.

ಗುಂಡಣ್ಣ ಹೊರಗೆ ಬಂದರು. ಕೈಯಲ್ಲಿ ರಿಜಿಸ್ಟರು, ಮುಖ ಬಾಡಿತ್ತು.

"ಉಪೇಂದ್ರ, ನೀವು ಕ್ಷಮಿಸ್ಬೇಕು. ಈಗ ತಾನೇ ಸುದ್ದಿ ಬಂತು. ನಾನು ಗೊತ್ತು ಮಾಡಿದ್ದ ಪರೀಕ್ಷಕರು ಬಂದೇ ಇಲ್ಲ. ಅವರ ಬಸ್ಸು ಸೋಲದೇವನಹಳ್ಳಿ ಹತ್ರ ಬೆಳಗ್ಗೆಯಿಂದ ಕೆಟ್ಟು ನಿಂತಿದೆಯಂತೆ."

ಉಪೇಂದ್ರ ಇನ್ನೂ ನಗುತ್ತಲೇ ಇದ್ದ. ನಗು ಒಂದು ಮೂಲೆಯಿಂದ ನಿಧಾನವಾಗಿ ಉದುರತೊಡಗಿತು.

"ಹಾಗಾದ್ರೆ... ಆ ಹುಲ್ಲಿನ ಯಜಮಾನರು?"

"ಪಾಪ, ಹುಲ್ಲು ಅವರದೇ. ಬೈದಿರ್ತಾರೆ."

"ಊಟ?"

"ಮುದ್ದೆ ಐದೇ ಉಳಿದಿತ್ತಂತೆ."

"ಸ್ಕೂಟರ್?"

"ಯಾವ ಸ್ಕೂಟರ್?"

ಕನಸು ಟಪ್ಪನೆ ಒಡೆಯಿತು. ಬೆಳಗ್ಗೆ ಎಂಟರಿಂದ ಕಟ್ಟಿಟ್ಟ ಸಿಟ್ಟೆಲ್ಲ ಕೆರೆಯ ತೂಬು ಕಿತ್ತ ಹಾಗೆ ಹೊರಟಿತು. ಉಪೇಂದ್ರ ದೊಡ್ಡಮುನಿಯಪ್ಪನಿಂದ ಅಂದೇ ಕಲಿತಿದ್ದ ಬೈಗುಳಗಳನ್ನೂ ಸೇರಿಸಿ ಬೈದ. ಹದಿಮೂರು ಚಾಪೆಗಳನ್ನು ಅಂಗಳಕ್ಕೆಸೆದ. "ಏನ್ರೀ ನಿಮ್ಮ ಶಿಬಿರ, ನನ್ನ ತಲೆ!" ಅಂತ ರಿಜಿಸ್ಟರಿಗೆ ಕೈ ಹಾಕಿ ಎಳೆದ. ಗುಂಡಣ್ಣ ಬಿಡಲಿಲ್ಲ. ಇವನು ಎಳೆದ, ಅವರು ಹಿಡಿದರು. ಲಟಕ್ ಅಂತ ಸದ್ದಾಯಿತು. ರಿಜಿಸ್ಟರಿನದಲ್ಲ, ಗುಂಡಣ್ಣನ ಬಲ ಮಣಿಕಟ್ಟಿನದು.

ಗುಂಡಣ್ಣ ನೋವಿನಲ್ಲೂ ಎಡಗೈ ತಿರುಗಿಸಿ ಗಡಿಯಾರ ನೋಡಿದರು.

"ನಾಲ್ಕು ಐವತ್ತೆರಡು. ಎಂಟೇ ನಿಮಿಷ ಇತ್ತು, ಉಪೇಂದ್ರ."

ಗೋಡೆಯ ಹಿಂದಿನಿಂದ ದೊಡ್ಡಮುನಿಯಪ್ಪ ಬಂದ. ಹಿಂದೆಯೇ ಮುನಿಗಂಗಮ್ಮ, ಮುದ್ದೆ ಇಟ್ಟ ಎಲೆ ಹಿಡಿದುಕೊಂಡು. ಅವಳ ಹಿಂದೆ ಸ್ಕೂಟರು ತಳ್ಳಿಕೊಂಡು ಮುನಿಶಾಮಪ್ಪ. "ಚೋಕ್ ಸರಿಯಾಗಿ ಏಳ್ಕೊಟ್ರಿ ಬುದ್ಧಿ, ಬಾಳ ಉಪ್ಕಾರ ಆಯ್ತು" ಅಂದ.

ಉಪೇಂದ್ರ ಬಾಯಿ ತೆರೆದು ಮೂವರನ್ನೂ ನೋಡಿದ. "ಅಂದ್ರೆ... ಬಸ್ಸು ಕೆಟ್ಟಿದ್ದು?"

"ಅದೇ ಕೊನೇ ಪರೀಕ್ಷೆ" ಅಂದರು ಗುಂಡಣ್ಣ. "ನಾಟಕ ಅಂತ ಗೊತ್ತಿದ್ರೆ ಯಾರು ಬೇಕಾದ್ರೂ ನಗ್ತಾರೆ. ಬೀದೀಲಿ ಲಾಠಿ ಬರುವಾಗ ಇದು ನಾಟಕ ಅಂತ ಯಾರೂ ಹೇಳಲ್ಲ."

"ಅಹಿಂಸೆ ಕಲಿಸೋರು ಸುಳ್ಳು ಹೇಳ್ತೀರೇನ್ರೀ?"

"ಇದು ಅಹಿಂಸೆ ಶಿಬಿರ. ಸತ್ಯದ್ದು ಮುಂದಿನ ತಿಂಗಳು, ಬೇರೆ ಇದೆ."

ಉಪೇಂದ್ರ ಜಗಲಿಯ ಮೇಲೆ ಕುಸಿದ. ಹೊಟ್ಟೆ ತುಂಬ ಮುದ್ದೆ ತಿಂದ, ಗುಂಡಣ್ಣನ ಕೈಗೆ ಅರಿಸಿನ ಹಚ್ಚಿಕೊಟ್ಟ, ಕಾಲು ಹಿಡಿದ, ಕ್ರೋಟನ್ ಕತೆ ಹೇಳಿದ. ಗುಂಡಣ್ಣ ಎಲ್ಲವನ್ನೂ ಪ್ರೀತಿಯಿಂದ ಕೇಳಿಸಿಕೊಂಡರು.

"ರಾಯರಿಗೆ ನಾನು ಕಾಗದ ಕಳಿಸಲೇಬೇಕು, ಮಾತು ಕೊಟ್ಟಿದೀನಿ. ಆದ್ರೆ ನೋಡಿ, ಬೆರಳು ಮಡಚೋಕೇ ಆಗ್ತಿಲ್ಲ. ನಿಮ್ಮ ಅಕ್ಷರ ಮುತ್ತಿನಂಗಿದೆಯಂತಲ್ಲ. ನಾನು ಹೇಳ್ತೀನಿ, ನೀವೇ ಬರೀರಿ. ಎಡಗೈಯಲ್ಲಿ ರುಜು ಹಾಕ್ತೀನಿ."

ಉಪೇಂದ್ರ ಪೆನ್ನು ಹಿಡಿದ. ಕೆರೆಯ ಮೇಲೆ ಹೊತ್ತು ಮುಳುಗುತ್ತಿತ್ತು, ನೀರೆಲ್ಲ ಕುಂಕುಮ. ಗುಂಡಣ್ಣ ಕಣ್ಣು ಮುಚ್ಚಿ ಹೇಳತೊಡಗಿದರು: "ಶ್ರೀ ಉಪೇಂದ್ರ ಅವರು ಸಂಜೆ ನಾಲ್ಕು ಐವತ್ತೆರಡಕ್ಕೆ ವಿಪರೀತ ಸಿಟ್ಟಾದರು."

ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಸಲೀಸಾಗಿ ಓಡಿತು.

"ಬರೆದಾಯ್ತಾ? ಓದಿ."

"ಶ್ರೀ ಉಪೇಂದ್ರ ಅವರು ಸಂಜೆ ನಾಲ್ಕು ಐವತ್ತೆರಡಕ್ಕೆ ವಿಪರೀತ ಸಿಟ್ಟಾದರು" ಅಂತ ಉಪೇಂದ್ರ ಗಂಟಲು ಸರಿಮಾಡಿಕೊಂಡು ಓದಿದ. ಗುಂಡಣ್ಣ ಎಡಗೈಯಲ್ಲಿ ಪೆನ್ನು ತೆಗೆದುಕೊಳ್ಳಲು ಹೊರಟರು.

ಅಷ್ಟರಲ್ಲಿ ಎಲೆ ಎತ್ತಲು ಬಂದಿದ್ದ ಮುನಿಗಂಗಮ್ಮ ಕಾಗದದ ಮೇಲೆ ಬಗ್ಗಿದಳು. ಆರು ತಿಂಗಳಿಂದ ಗುಂಡಣ್ಣನ ರಾತ್ರಿ ಶಾಲೆಗೆ ಹೋಗುತ್ತಿದ್ದವಳು. ಎಲ್ಲಿ ಅಕ್ಷರ ಕಂಡರೂ ಬಿಡುತ್ತಿರಲಿಲ್ಲ, ಬೆಂಕಿಪೊಟ್ಟಣವನ್ನೂ ಓದುತ್ತಿದ್ದಳು. ಬೆರಳಿಟ್ಟು, ತುಟಿ ಕುಣಿಸುತ್ತಾ ಶುರುಮಾಡಿದಳು.

"ಉ... ಪೇಂ... ದ್ರ... ಅ... ವ... ರು... ದಿ... ನ... ವಿ... ಡೀ..."

"ಕತ್ತಲಾಯ್ತು ಬಿಡಮ್ಮ, ಕಣ್ಣು ನೋಯುತ್ತೆ" ಅಂದ ಉಪೇಂದ್ರ.

"ಸುಮ್ಕಿರಪ್ಪ. ಒಂ... ದು... ಸ... ಲ... ವೂ... ಸಿ... ಟ್ಟಾ... ಗ... ಲಿ... ಲ್ಲ!" ಮುನಿಗಂಗಮ್ಮ ಮುಖ ಅರಳಿಸಿ ನೆಟ್ಟಗೆ ನಿಂತಳು. "ಸಿಟ್ಟಾಗಲಿಲ್ಲ! ಅಯ್ಯೋರೇ, ಒಂದು ಸಾಲು ಪೂರ್ತಿ ಓದ್ಬಿಟ್ಟೆ!"

ದೊಡ್ಡಮುನಿಯಪ್ಪ, ಮುನಿಶಾಮಪ್ಪ ಇಬ್ಬರೂ ಚಪ್ಪಾಳೆ ತಟ್ಟಿದರು. ಗುಂಡಣ್ಣನ ಕಣ್ಣು ತುಂಬಿ ಬಂತು. ಅವಳ ತಲೆ ನೇವರಿಸಿದರು. ಆಮೇಲೆ ಒಂದಿಷ್ಟೂ ಸಿಟ್ಟಿಲ್ಲದೆ, ಕಾಗದವನ್ನು ಹರಿದು, ಹೊಸ ಹಾಳೆಯೊಂದನ್ನು ಉಪೇಂದ್ರನ ಮುಂದಿಟ್ಟರು.

"ಇನ್ನೊಂದು ಸಲ ಬರೀರಿ. ಬರೆದಾದ ಮೇಲೆ, ಸತ್ಯದ ಶಿಬಿರದ ಪಟ್ಟಿ ಆ ರಿಜಿಸ್ಟರ್‌ನ ಕೊನೇ ಪುಟದಲ್ಲಿದೆ. ಪೆನ್ನು ಹೇಗೂ ನಿಮ್ಮ ಕೈಲೇ ಇದೆಯಲ್ಲ, ಮೊದಲನೇ ಹೆಸರು ನಿಮ್ಮದೇ ಹಾಕ್ಕೊಂಡ್ಬಿಡಿ."