ಸ್ಟೇರಿಂಗ್ ಗೇರು ಕೂರಿಸಿದ ಮೇಷ್ಟ್ರು

"ಒಂದು ಗೇರು ಕೂರಿಸೋಕೆ ಮೆಕ್ಯಾನಿಕ್ ಯಾಕೆ ಬೇಕು? ಸಾಮ್ರಾಜ್ಯಗಳು ಹೇಗೆ ಎದ್ವು, ಹೇಗೆ ಬಿದ್ವು ಅಂತ ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ ನಾನು!" ಎಂದು ಚರಿತ್ರೆ ಮೇಷ್ಟ್ರು ಶನಿವಾರ ಬೆಳಿಗ್ಗೆ ಘೋಷಿಸಿದರು.

"ಎದ್ದಿದ್ದು ಬಿದ್ದಿದ್ದು ಎಲ್ಲಾ ಪುಸ್ತಕದಲ್ಲಿತ್ತು ಕಣ್ರೀ. ಎಬ್ಬಿಸಿದ್ದು ನೀವಲ್ಲ," ಎಂದರು ಹೆಂಡತಿ, ಬಟ್ಟೆ ಮಡಚುತ್ತಾ.

ಇಂಥ ಮಾತನ್ನೆಲ್ಲ ಮೇಷ್ಟ್ರು ಕಿವಿಗೆ ಹಾಕಿಕೊಳ್ಳುವವರಲ್ಲ. ಷೆಡ್ಡಿನಲ್ಲಿ ಅವರ ಮಾವ ಬಿಟ್ಟುಹೋದ ಅರವತ್ತು ವರ್ಷದ ಕಾರು ನಿಂತಿತ್ತು. ಆಹಾ, ಏನು ಗತ್ತು ಆ ಕಾರಿಗೆ! ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಮುಚ್ಚಿದ ಸದ್ದು. ಕೊರತೆ ಒಂದೇ. ಸ್ಟೇರಿಂಗ್ ಶಾಫ್ಟೆಂಬ ಕಬ್ಬಿಣದ ಸರಳಿನ ತುದಿಯ ಗೇರು ಹಲ್ಲು ಸವೆದು, ಎಡಕ್ಕೆ ತಿರುಗಿಸಿದರೆ ಕಾರು ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ಎಡಕ್ಕೆ ಹೋಗುತ್ತಿತ್ತು.

ಅತ್ತೆಗೆ ಕಣ್ಣಿನ ಆಪರೇಷನ್ ಆಗಿ ಆರು ವಾರವಾಗಿತ್ತು. "ಕಣ್ಣು ಬಂದ ಮೇಲೆ ಒಂದ್ಸಲ ನಮ್ಮನೆಯವರ ಕಾರಲ್ಲಿ ಕೂತು ಊರು ನೋಡ್ಬೇಕು ಅಳಿಯಂದ್ರೇ," ಎಂದಿದ್ದರು. ಭಾನುವಾರ ಹತ್ತು ಗಂಟೆಗೆ ಎಂದು ಮೇಷ್ಟ್ರು ಮಾತು ಕೊಟ್ಟಿದ್ದರು. ಮಾತು ತಪ್ಪಿದರೆ ಅತ್ತೆ ಬೈಯುವವರಲ್ಲ, "ಪರವಾಗಿಲ್ಲ ಬಿಡಿ" ಎಂದು ನಗುವವರು. ಮೇಷ್ಟ್ರಿಗೆ ಆ ನಗು ಕಂಡರೇ ಭಯ.

ಈ ಕಾರಿನ ಗೇರು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪೇಟೆಯಲ್ಲಿ ಲೋಹ ಕಡೆಯುವ ಲೇತ್ ಅಂಗಡಿಯ ತಾತ ಹಳೆಯದನ್ನು ನೋಡಿಕೊಂಡು ಹೊಸದನ್ನು ಕಡೆದು ಕೊಟ್ಟಿದ್ದ. ಎಂಥ ಕೈ ಅವನದು! ಒಂದೊಂದು ಹಲ್ಲೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಶಾಫ್ಟನ್ನ ಇಲ್ಲಿಗೇ ತನ್ನಿ ಮೇಷ್ಟ್ರೇ, ಪ್ರೆಸ್ ಮೆಷಿನ್ನಲ್ಲಿ ಒತ್ತಿ ಕೂರಿಸಿ ಕೊಡ್ತೀನಿ," ಎಂದು ಬಾರಿ ಬಾರಿ ಹೇಳಿದ್ದ. ಮೇಷ್ಟ್ರು ಗೇರನ್ನು ಜೇಬಿಗೆ ಹಾಕಿಕೊಂಡು ನಕ್ಕು ಬಂದಿದ್ದರು.

ಷೆಡ್ಡಿನಲ್ಲಿ ನೋಡಿದರೆ ಕಾರಿನಿಂದ ಬಿಚ್ಚಿಟ್ಟ ಶಾಫ್ಟಿಗೆ ಗೇರು ಹೋಗುತ್ತಲೇ ಇಲ್ಲ! ತೂತು ಶಾಫ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದು.

"ತಾತ ಅಳತೆ ತಪ್ಪಿದಾನೆ ಕಣೇ! ಅರದಲ್ಲಿ ಉಜ್ಜಿ ದೊಡ್ಡದು ಮಾಡ್ತೀನಿ!"

ಹೆಂಡತಿ ಓಡಿ ಬಂದು ಅರ ಕಿತ್ತುಕೊಂಡರು. "ನಿಮ್ಮ ದಮ್ಮಯ್ಯ! ಬೇಕೂಂತಲೇ ಚಿಕ್ಕದು ಮಾಡಿರ್ತಾರೆ. ಬಿಗಿಯಾಗಿ ಕೂರಬೇಡ್ವಾ? ಸಡಿಲ ಆದ್ರೆ ತಿರುವಿನಲ್ಲಿ ಕಾರೊಂದು ಕಡೆ, ನಮ್ಮಮ್ಮ ಒಂದು ಕಡೆ!"

"ಮತ್ತೆ ಒಳಗೆ ಹೋಗೋದು ಹೇಗೆ?"

"ಬಾಟಲಿ ಮುಚ್ಚಳ ಬಿಗಿಯಾದ್ರೆ ಏನ್ ಮಾಡ್ತೀವಿ? ಬಿಸಿನೀರು ಹುಯ್ತೀವಿ. ಮುಚ್ಚಳ ಹಿಗ್ಗುತ್ತೆ."

ಮೇಷ್ಟ್ರು ಕ್ಷಣಕಾಲ ಬೆರಗಾದರು. ಮರುಕ್ಷಣ ಆ ಉಪಾಯ ಅವರದೇ ಆಗಿಹೋಯಿತು! ಗೇರನ್ನು ಹಿಗ್ಗಿಸಬೇಕು, ಶಾಫ್ಟನ್ನು ಕುಗ್ಗಿಸಬೇಕು! ಗೇರು ಕೇಕ್ ಬೇಯಿಸುವ ಅವನ್ ಹೊಕ್ಕಿತು. ಶಾಫ್ಟನ್ನು ಬೆಂಚಿನ ವೈಸಿನ ದವಡೆಗೆ ಕಚ್ಚಿಸಿ ನೆಟ್ಟಗೆ ನಿಲ್ಲಿಸಿ, ಅತ್ತೆ ಮಂಡಿನೋವಿಗೆ ಇಟ್ಟುಕೊಳ್ಳುವ ಐಸ್ ಚೀಲವನ್ನು ಅದರ ತುದಿಗೆ ಕಟ್ಟಿದ್ದಾಯಿತು. "ಪಾಪ, ಅದಕ್ಕೂ ವಯಸ್ಸಾಯ್ತಲ್ಲ," ಎಂದರು ಅತ್ತೆ.

ಒಂದು ಗಂಟೆ ಕಳೆಯಿತು. ಹೆಂಡತಿ ಕೇಳಿದರು: "ಮೊದಲು ಹಾಕೋದೆಲ್ಲ ಹಾಕಿದೀರಾ? ನೋಡ್ಕೊಳ್ಳಿ. ಒಂದ್ಸಲ ಕೂತರೆ ಏಳಲ್ಲ."

"ಇದೇನು ನಿನ್ನ ಕೇಕಾ, ಸಕ್ಕರೆ ಮರೆಯೋಕೆ? ಸರಿ ಆಚೆ!"

ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಇಕ್ಕಳದಲ್ಲಿ ಗೇರನ್ನು ಹಿಡಿದು, ಮೇಷ್ಟ್ರು ಅಡುಗೆಮನೆಯಿಂದ ಷೆಡ್ಡಿಗೆ ದಂಡಯಾತ್ರೆ ಹೊರಟರು. ಐಸ್ ಚೀಲ ಕಿತ್ತೆಸೆದರು, ತುದಿ ಒರೆಸಿದರು, ಗೇರು ಬಿಟ್ಟರು. ಟಕ್! ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಜಾರಿ ತನ್ನ ಜಾಗದಲ್ಲಿ ಕೂತೇಬಿಟ್ಟಿತು. ತಣ್ಣಗಾದ ಮೇಲೆ ಎರಡು ಕೈಯಲ್ಲಿ ಹಿಡಿದು ತಿರುಚಿದರು. ಊಹೂಂ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ! ಹೆಂಡತಿಯೂ ಮನಸಾರೆ ಚಪ್ಪಾಳೆ ತಟ್ಟಿದರು. ಮೇಷ್ಟ್ರು ನಿಜಕ್ಕೂ ಆ ಕ್ಷಣದಲ್ಲಿ ನೋಡುವ ಹಾಗಿದ್ದರು.

ಚಪ್ಪಾಳೆ ಮುಗಿಸಿ ಬೆಂಚು ಒರೆಸಲು ಹೊರಟ ಹೆಂಡತಿ ಕೇಳಿದರು: "ರೀ, ಈ ಕಬ್ಬಿಣದ ಬಳೆ ಯಾವುದು?"

"ಅದಾ? ಬೇರಿಂಗು. ಗೇರಿಗಿಂತ ಮೊದಲು ಶಾಫ್ಟಿಗೆ..." ಮೇಷ್ಟ್ರು ಬೇರಿಂಗು ಕಿತ್ತುಕೊಂಡು ಶಾಫ್ಟಿನ ಕಡೆ ಓಡಿದರು.

ಅದನ್ನು ಇನ್ನೊಂದು ತುದಿಯಿಂದ ತೂರಿಸೋಣವೆಂದರೆ ಶಾಫ್ಟು ಆ ಕಡೆ ದಪ್ಪ. ಗೇರು ಎಬ್ಬಿಸೋಣವೆಂದರೆ ಸುತ್ತಿಗೆಗೂ ಬಗ್ಗದು, ಬೈಗುಳಕ್ಕೂ ಬಗ್ಗದು. ಒಳಗಿನಿಂದ ಅತ್ತೆಯ ದನಿ ಕೇಳಿತು: "ನಾಳೆಗೆ ಯಾವ ಸೀರೆ ಉಡ್ಲೇ? ಈಗ ಬಣ್ಣ ಎಲ್ಲಾ ಚೆನ್ನಾಗಿ ಕಾಣ್ತಿದೆ!" ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಹೆಂಡತಿ ಒಂದೂ ಚುಚ್ಚುಮಾತು ಆಡದೆ ಶಾಫ್ಟನ್ನೂ ಬೇರಿಂಗನ್ನೂ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, "ತಾತನ ಹತ್ರ ಹೋಗಿ ಬನ್ನಿ," ಎಂದರು.

ಇಂಗು ತಿಂದ ಮಂಗನಂತೆ ನಿಂತ ಮೇಷ್ಟ್ರನ್ನು ತಾತ ಬೈಯಲಿಲ್ಲ. ಪ್ರೆಸ್ಸಿನಲ್ಲಿ ಗೇರನ್ನು ಒತ್ತಿ ಹೊರತೆಗೆದು ಬದಿಗಿಟ್ಟ.

"ಅದನ್ನೇ ಮತ್ತೆ ಹಾಕೋಕಾಗಲ್ವಾ ತಾತ?"

"ಎಬ್ಬಿಸಿದ್ದಕ್ಕೆ ಹಿಡಿತ ಇರಲ್ಲ ಮೇಷ್ಟ್ರೇ. ಸ್ಟೇರಿಂಗು ಅಂದ್ರೆ ಪ್ರಾಣದ ವಿಷಯ."

"ಹೊಸದು ಮಾಡೋಕೆ?"

"ನಾಲ್ಕು ದಿನ."

ಮೇಷ್ಟ್ರು ಕುಸಿದು ಸ್ಟೂಲಿನ ಮೇಲೆ ಕೂತರು. ತಾತ ಮೆಲ್ಲಗೆ ಡ್ರಾಯರ್ ಎಳೆದು, ಎಣ್ಣೆ ಕಾಗದ ಬಿಚ್ಚಿದ. ಒಳಗೆ ಇನ್ನೊಂದು ಗೇರು, ಅದೇ ಹೊಳಪು!

"ಅಮ್ಮನೋರು ಮೊದಲೇ ಎರಡು ಮಾಡಿ ಅಂದಿದ್ರು. ಒಂದು ಕಾರಿಗೆ, ಒಂದು ನಮ್ಮ ಯಜಮಾನ್ರಿಗೆ ಅಂತ."

ಮೊದಲು ಬೇರಿಂಗು, ಆಮೇಲೆ ಗೇರು. ಐದೇ ನಿಮಿಷದ ಕೆಲಸ!

ಭಾನುವಾರ ಹತ್ತಕ್ಕೆ ಸರಿಯಾಗಿ ಕಾರು ಹೊರಟಿತು. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ! ಹಿಂದಿನ ಸೀಟಿನಲ್ಲಿ ಹೆಂಡತಿ; ಹಸಿರು ಸೀರೆಯ ಅತ್ತೆ ಮುಂದಿನ ಸೀಟಿನಲ್ಲಿ ಕೂತು ಅಂಗಡಿಗಳ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಅತ್ತೆ, ನಿಮ್ಮ ಮಗಳ ಬುದ್ಧಿಗೆ ಕೈ ಮುಗೀಬೇಕು. ನಾನು ಎಡವಟ್ಟು ಮಾಡ್ತೀನಿ ಅಂತ ಮೊದಲೇ ಎರಡು ಗೇರು ಮಾಡಿಸಿದ್ಲು!"

ಅತ್ತೆ ಬೋರ್ಡಿನಿಂದ ಕಣ್ಣು ತೆಗೆಯದೆ ಹೇಳಿದರು: "ನಾನು ಮೂರು ಮಾಡ್ಸು ಅಂದೆ ಅಳಿಯಂದ್ರೇ. ಇವಳಿಗೇ ನಿಮ್ಮ ಮೇಲೆ ಭರವಸೆ ಜಾಸ್ತಿ."